ಸಾರ್ಜೆಂಟನನ್ನು ಗುರುತಿಸಬೇಕಾದ ಹೊತ್ತು

ಮೇಜಿನ ಆಚೆ ನಾಲ್ಕೈದು ಮಂದಿ ಸಾರ್ಜೆಂಟ್ ಮೇಜರ್‌ಗಳು ಕುಳಿತಿರುತ್ತಾರೆ. ಇಪ್ಪತ್ತು, ಇಪ್ಪತ್ತೈದು ವರ್ಷ ಸಮವಸ್ತ್ರದಲ್ಲೇ ಕಳೆದವರು. ಈಚೆ ಒಂಟಿ ಕುರ್ಚಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಸಾರ್ಜೆಂಟ್. ಬಂದೂಕು ಬಿಚ್ಚಿ ಜೋಡಿಸುವುದನ್ನೋ ನಕ್ಷೆ ಓದುವುದನ್ನೋ ಕೇಳಿದರೆ ಅವನಿಗೆ ಸಲೀಸು. ಆದರೆ ಅಲ್ಲಿ ಬರುವ ಪ್ರಶ್ನೆಗಳ ಧಾಟಿಯೇ ಬೇರೆ: ನಿನ್ನ ತುಕಡಿಯ ಹುಡುಗನೊಬ್ಬ ವಾರದಿಂದ ಮಂಕಾಗಿದ್ದಾನೆ, ಎರಡು ಸಲ ಡ್ಯೂಟಿಗೆ ತಡವಾಗಿ ಬಂದಿದ್ದಾನೆ, ಮನೆಯಲ್ಲಿ ಜಗಳ ಎಂದು ಯಾರೋ ಹೇಳಿದರು, ನಿನ್ನೆ ತನಗೆ ಪ್ರೀತಿಯ ಗಡಿಯಾರವನ್ನು ಗೆಳೆಯನಿಗೆ ಸುಮ್ಮನೆ ಕೊಟ್ಟುಬಿಟ್ಟ, ಈಗ ನೀನೇನು ಮಾಡುತ್ತೀಯ? ತನಗೆ ಪ್ರಿಯವಾದದ್ದನ್ನು ಒಬ್ಬ ಹುಡುಗ ಇದ್ದಕ್ಕಿದ್ದಂತೆ ಹಂಚತೊಡಗಿದರೆ ಅವನು ಬದುಕಿನಿಂದಲೇ ಎದ್ದು ಹೊರಡುವ ಯೋಚನೆಯಲ್ಲಿರಬಹುದು. ಅದು ತಕ್ಷಣ ಹೊಳೆಯದ ಸಾರ್ಜೆಂಟ್ ಎಷ್ಟೇ ಗುರಿಕಾರನಾಗಿರಲಿ, ಆ ಕೋಣೆಯಿಂದ ಬರಿಗೈಯಲ್ಲಿ ಹೊರಬರುವ ಸಾಧ್ಯತೆಯೇ ಹೆಚ್ಚು.

ಅಮೆರಿಕದ ಭೂಸೇನೆಯಲ್ಲಿ ಸಾರ್ಜೆಂಟ್ ಆಡಿ ಮರ್ಫಿ ಕ್ಲಬ್ ಎಂಬ ಬಳಗವೊಂದಿದೆ. ಅದಕ್ಕೆ ಸದಸ್ಯರನ್ನು ಆರಿಸುವ ಬಗೆ ಇದು. ಹೆಸರು ಕೇಳಿ ಸಂಜೆ ಹೊತ್ತು ಇಸ್ಪೀಟು ಆಡುವ ಮೆಸ್ ಎಂದುಕೊಳ್ಳಬೇಡಿ. ಸಿಪಾಯಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರಲ್ಲಿ ಯಾರು ನಿಜಕ್ಕೂ ತಮ್ಮ ಕೆಳಗಿನವರನ್ನು ಬೆಳೆಸಬಲ್ಲರು ಎಂದು ಹುಡುಕಿ, ಗುರುತಿಸಿ, ಅವರ ಹೆಗಲಿಗೆ ಇನ್ನಷ್ಟು ಹೊರೆ ಏರಿಸುವ ವ್ಯವಸ್ಥೆ ಅದು. ಈ ಬಗೆಯ ಬಳಗಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕಾರಣವಿದೆ. ನಮ್ಮ ಸೇನೆಯೂ ಈಗ ತನ್ನ ಹವಾಲ್ದಾರರ ಮೇಲೆ ಹಿಂದೆಂದೂ ಇಲ್ಲದಷ್ಟು ಭಾರ ಹಾಕಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸೇನೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಜನರಲ್ಲು, ಕರ್ನಲ್ಲು. ಇಲ್ಲವಾದರೆ ಗಡಿಯಲ್ಲಿ ನಿಂತ ಯುವ ಸಿಪಾಯಿ. ಇವರಿಬ್ಬರ ನಡುವೆ ಇರುವವರು ಕಾಣುವುದೇ ಇಲ್ಲ. ಕಟ್ಟಡದ ಕೆಲಸ ನೋಡಿದವರಿಗೆ ಇದು ಗೊತ್ತಿರುತ್ತದೆ: ಎಂಜಿನಿಯರ್ ನಕ್ಷೆ ಕೊಟ್ಟು ಹೋಗುತ್ತಾನೆ, ಗೋಡೆ ಸೊಟ್ಟಗಾಗದಂತೆ ನೋಡುವವನು ಮೇಸ್ತ್ರಿ. ಅಮೆರಿಕದ ಸೇನೆಯಲ್ಲಿ ಸುಮಾರು ಐವರಲ್ಲಿ ನಾಲ್ವರು ಅಧಿಕಾರಿ ದರ್ಜೆಗೆ ಸೇರದವರು. ಅವರಲ್ಲಿ ಸಾರ್ಜೆಂಟ್, ಸ್ಟಾಫ್ ಸಾರ್ಜೆಂಟ್, ಸಾರ್ಜೆಂಟ್ ಫಸ್ಟ್ ಕ್ಲಾಸ್, ಮಾಸ್ಟರ್ ಸಾರ್ಜೆಂಟ್, ಸಾರ್ಜೆಂಟ್ ಮೇಜರ್ ಎಂದು ಮೇಲಕ್ಕೆ ಹೋಗುವ ಸಾಲೇ ಈ ಮೇಸ್ತ್ರಿಗಳ ಸಾಲು. ಹೊಸ ಲೆಫ್ಟಿನೆಂಟ್ ಇಪ್ಪತ್ತೆರಡನೆಯ ವಯಸ್ಸಿಗೆ ಪದವಿ ಮುಗಿಸಿ ಬಂದು ಮೂವತ್ತು, ನಲವತ್ತು ಜನರ ಪ್ಲಟೂನಿಗೆ ಮುಖ್ಯಸ್ಥನಾಗುತ್ತಾನೆ. ಅವನ ಪಕ್ಕದಲ್ಲಿ ನಿಲ್ಲುವ ಪ್ಲಟೂನ್ ಸಾರ್ಜೆಂಟಿಗೆ ಅಷ್ಟು ಹೊತ್ತಿಗೆ ಹತ್ತು, ಹನ್ನೆರಡು ವರ್ಷದ ಅನುಭವವಿರುತ್ತದೆ. ಸೆಲ್ಯೂಟ್ ಹೊಡೆಯುವವನು ಅವನೇ, ಆ ಹೊಸ ಅಧಿಕಾರಿಗೆ ಕೆಲಸ ಕಲಿಸುವವನೂ ಅವನೇ.

ಈ ಸಾಲು ಮುರಿದುಬಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ವಿಯೆಟ್ನಾಂ ಯುದ್ಧದಲ್ಲಿ ಕಂಡಿತು. ಅನುಭವಸ್ಥ ಸಾರ್ಜೆಂಟ್‌ಗಳಲ್ಲಿ ಎಷ್ಟೋ ಮಂದಿ ಸತ್ತರು, ಗಾಯಗೊಂಡರು, ಎರಡು ಮೂರು ಸಲ ಯುದ್ಧಕ್ಕೆ ಹೋಗಿ ಬಂದು ಬೇಸತ್ತು ಸೇವೆ ಬಿಟ್ಟರು. ಆ ಖಾಲಿ ಜಾಗ ತುಂಬಲು 1967ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಅವಸರದ ತರಬೇತಿ ಆರಂಭಿಸಿದರು. ಸೇನೆಗೆ ಸೇರಿ ವರ್ಷವೂ ತುಂಬದ ಹುಡುಗರನ್ನು ಕೆಲವು ತಿಂಗಳು ಪಳಗಿಸಿ ಸಾರ್ಜೆಂಟ್ ಪಟ್ಟಿ ಹಚ್ಚಿ ಕಳಿಸಿದರು. ಹಳಬರು ಅವರನ್ನು ಪೊಟ್ಟಣ ಒಡೆದು ದಿಢೀರನೆ ಮಾಡಿದ ಸಾರ್ಜೆಂಟ್‌ಗಳು ಎಂದು ಹಂಗಿಸುತ್ತಿದ್ದರು. ಆ ಹುಡುಗರಲ್ಲಿ ಹಲವರು ಧೈರ್ಯದಿಂದ ಕಾದಾಡಿದರು, ಆ ಮೂದಲಿಕೆ ಅವರಿಗೆ ಮಾಡಿದ ಅನ್ಯಾಯ. ಕೊರತೆ ಇದ್ದದ್ದು ಅವರಲ್ಲಲ್ಲ. ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ತಿದ್ದುವ ಹಿರಿಯರು ಅವರಿಗೆ ಸಿಗಲಿಲ್ಲ.

1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಸ್ವಇಚ್ಛೆಯಿಂದ ಬಂದವರಿಂದಲೇ ಸೇನೆ ಕಟ್ಟಬೇಕಾಯಿತು. ಆಗ ಪಶ್ಚಿಮ ಜರ್ಮನಿಯಲ್ಲಿದ್ದ ಅಮೆರಿಕನ್ ಪಡೆಗಳ ಸ್ಥಿತಿ ಶೋಚನೀಯವಾಗಿತ್ತು. ಬ್ಯಾರಕ್‌ಗಳಲ್ಲಿ ಮಾದಕ ವಸ್ತು, ಕರಿಯ ಬಿಳಿಯ ಸೈನಿಕರ ನಡುವೆ ಹೊಡೆದಾಟ, ಕತ್ತಲಾದ ಮೇಲೆ ಒಳಗೆ ಕಾಲಿಡಲು ಮೇಲಿನವರೂ ಹಿಂಜರಿಯುವಂಥ ವಾತಾವರಣ. ಅಲ್ಲೇ, ಅದೇ ವರ್ಷ, ಲೆಫ್ಟಿನೆಂಟ್ ಜನರಲ್ ಜಾರ್ಜ್ ಬ್ಲಾಂಚರ್ಡ್ ಅವರ ಕಾಲದಲ್ಲಿ ಸಾರ್ಜೆಂಟ್ ಮೊರಾಲೆಸ್ ಕ್ಲಬ್ ಹುಟ್ಟಿತು. ಈ ಮೊರಾಲೆಸ್ ಯುದ್ಧವೀರನಲ್ಲ, ಒಂದು ಕಥೆಯ ಪಾತ್ರ. ಸಣ್ಣ ತುಕಡಿಯೊಂದರ ನಾಯಕನಾಗಿ ತನ್ನ ಹುಡುಗರು ಯಾರು, ಅವರ ಕಷ್ಟವೇನು, ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿದುಕೊಂಡು ಅವರನ್ನು ದಡ ಸೇರಿಸುವ ಸಾರ್ಜೆಂಟ್. ಪದಕಗಳ ರಾಶಿಯೇ ಇದ್ದ ಒಂದು ಸೇನೆ ತನ್ನ ಆದರ್ಶವನ್ನು ಇಂಥ ಸಾದಾ ಮನುಷ್ಯನಲ್ಲಿ ಹುಡುಕಿತಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ. ಆ ಬ್ಯಾರಕ್‌ಗಳಿಗೆ ಆಗ ಬೇಕಾಗಿದ್ದವನೂ ಅಂಥವನೇ.

ಹದಿಮೂರು ವರ್ಷದ ಬಳಿಕ, 1986ರಲ್ಲಿ, ಟೆಕ್ಸಾಸ್‌ನ ಫೋರ್ಟ್ ಹುಡ್‌ನಲ್ಲಿ ಆಡಿ ಮರ್ಫಿ ಕ್ಲಬ್ ಶುರುವಾಯಿತು. ಮೊದಲು ಆ ಒಂದು ಶಿಬಿರಕ್ಕೆ ಸೀಮಿತವಾಗಿದ್ದದ್ದು 1991ರಲ್ಲಿ ಆ ಶಿಬಿರ ಸೇರಿದ್ದ ಸೇನಾ ಕೋರಿನ ಉಳಿದ ಶಿಬಿರಗಳಿಗೆ ಹಬ್ಬಿ, 1994ರ ಹೊತ್ತಿಗೆ ಇಡೀ ಭೂಸೇನೆಯದ್ದಾಯಿತು.

ಮರ್ಫಿ ಮಾತ್ರ ಕಥೆಯ ಪಾತ್ರವಲ್ಲ. ಟೆಕ್ಸಾಸ್‌ನ ಗೇಣಿ ಬೇಸಾಯದ ಬಡ ಕುಟುಂಬದಲ್ಲಿ ಹುಟ್ಟಿದವನು. ತಂದೆ ಮನೆ ಬಿಟ್ಟು ಹೋದ. ಹುಡುಗ ಐದನೇ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದ. 1941ರಲ್ಲಿ ತಾಯಿ ತೀರಿಕೊಂಡಾಗ ಚಿಕ್ಕ ತಮ್ಮ ತಂಗಿಯರನ್ನು ಅನಾಥಾಲಯಕ್ಕೆ ಸೇರಿಸಬೇಕಾಯಿತು. ಮರುವರ್ಷ ಸೇನೆಗೆ ಸೇರಲು ಹೋದರೆ ಮರೀನ್ ಪಡೆಯವರು ಕುಳ್ಳ, ಸಣಕಲ ಎಂದು ವಾಪಸ್ ಕಳಿಸಿದರು. ಅಕ್ಕ ವಯಸ್ಸು ಹೆಚ್ಚಿಸಿ ಬರೆದುಕೊಟ್ಟ ಕಾಗದ ಹಿಡಿದು ಕೊನೆಗೆ ಭೂಸೇನೆಯ ಪದಾತಿ ದಳ ಸೇರಿದ. ಸಿಸಿಲಿ, ಇಟಲಿ, ದಕ್ಷಿಣ ಫ್ರಾನ್ಸ್ ಎಂದು ಯುದ್ಧದ ದಾರಿಯುದ್ದಕ್ಕೂ ಸಿಪಾಯಿಯಿಂದ ಸ್ಟಾಫ್ ಸಾರ್ಜೆಂಟ್‌ವರೆಗೆ ಏರಿದ. 1944ರ ಅಕ್ಟೋಬರ್‌ನಲ್ಲಿ ರಣರಂಗದಲ್ಲೇ ಲೆಫ್ಟಿನೆಂಟ್ ಆದ.

1945ರ ಜನವರಿ 26. ಫ್ರಾನ್ಸಿನ ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ ಆರು ಜರ್ಮನ್ ಟ್ಯಾಂಕುಗಳು, ಅವುಗಳ ಹಿಂದೆ ಅಲೆ ಅಲೆಯಾಗಿ ಸೈನಿಕರು. ಮರ್ಫಿ ತನ್ನ ಕಂಪನಿಯವರನ್ನೆಲ್ಲ ಕಾಡಿನೊಳಕ್ಕೆ ಹಿಂದೆ ಸರಿಸಿ ತಾನೊಬ್ಬನೇ ಮುಂದೆ ಉಳಿದ. ಫೋನಿನಲ್ಲಿ ಫಿರಂಗಿಯವರಿಗೆ ಗುರಿ ಹೇಳುತ್ತಲೇ, ಗುಂಡು ತಗುಲಿ ಹೊತ್ತಿ ಉರಿಯುತ್ತಿದ್ದ ಟ್ಯಾಂಕ್ ನಾಶಕ ವಾಹನವೊಂದರ ಮೇಲೆ ಹತ್ತಿ, ಅದರ ಮೆಷಿನ್ ಗನ್ ಹಿಡಿದು ಸುಮಾರು ಒಂದು ಗಂಟೆ ಶತ್ರುವನ್ನು ತಡೆದ. ಕಾಲಿಗೆ ಗಾಯವಾಗಿತ್ತು. ಗುಂಡು ಮುಗಿದ ಮೇಲೆ ಕುಂಟುತ್ತ ಬಂದು, ಚಿಕಿತ್ಸೆ ಬೇಡವೆಂದು, ತನ್ನವರನ್ನು ಕಟ್ಟಿಕೊಂಡು ಎದುರು ದಾಳಿ ಮಾಡಿದ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬಂತು. ಮುಂದೆ ಹಾಲಿವುಡ್‌ನ ನಾಯಕನಟನಾಗಿ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ.

ಸಾರ್ಜೆಂಟ್‌ಗಳ ಬಳಗಕ್ಕೆ ಇವನ ಹೆಸರು ಏಕೆ ಎಂಬುದಕ್ಕೆ ಹೋಲ್ಟ್ಸ್‌ವೀರ್ ಅರ್ಧ ಉತ್ತರ ಮಾತ್ರ. ಇನ್ನರ್ಧ ಯುದ್ಧದ ನಂತರದ್ದು. ಮರ್ಫಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ದಿಂಬಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದ. ನಿದ್ದೆ ಮಾತ್ರೆಯ ಚಟಕ್ಕೆ ಬಿದ್ದು, ಕೊನೆಗೆ ಹೋಟೆಲ್ ಕೋಣೆಯೊಂದರಲ್ಲಿ ತನ್ನನ್ನೇ ಕೂಡಿಹಾಕಿಕೊಂಡು ಅದನ್ನು ಬಿಟ್ಟ. ಸೈನಿಕನ ಮನಸ್ಸಿನ ಗಾಯದ ಬಗ್ಗೆ ಯಾರೂ ಬಾಯಿ ಬಿಡದ ಕಾಲದಲ್ಲಿ, ದೇಶವೇ ಹೊತ್ತು ಮೆರೆಸಿದ ಈ ವೀರ ತನಗಾಗಿದ್ದನ್ನು ಬಹಿರಂಗವಾಗಿ ಹೇಳಿಕೊಂಡ. ಕೊರಿಯಾ, ವಿಯೆಟ್ನಾಂಗಳಿಂದ ಮರಳಿದವರಿಗೆ ಸರ್ಕಾರ ಚಿಕಿತ್ಸೆ ಕೊಡಲೇಬೇಕು ಎಂದು ವಾದಿಸಿದ. 1971ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಆರ್ಲಿಂಗ್ಟನ್ ಸ್ಮಶಾನದಲ್ಲಿ ಮೆಡಲ್ ಆಫ್ ಆನರ್ ಪಡೆದವರ ಸಮಾಧಿ ಕಲ್ಲಿಗೆ ಸಾಮಾನ್ಯವಾಗಿ ಹೊನ್ನಿನ ಅಕ್ಷರ ಇರುತ್ತದೆ. ಮರ್ಫಿಯದು ಅವನ ಇಚ್ಛೆಯಂತೆ ಉಳಿದ ಸಿಪಾಯಿಗಳ ಕಲ್ಲಿನಂತೆಯೇ ಸಾದಾ.

ಗಡಿಯಾರ ಕೊಟ್ಟ ಹುಡುಗನಂಥ ಪ್ರಶ್ನೆ ಈ ಹೆಸರಿನ ಕ್ಲಬ್ಬಿನಲ್ಲಿ ಬರುವುದು ಅದಕ್ಕೇ ಸಹಜ.

ಆಯ್ಕೆಗೆ ಯಾರೂ ತಾವಾಗಿ ಹೋಗಿ ಕೂರುವಂತಿಲ್ಲ. ಜೊತೆಗಿದ್ದು ಕೆಲಸ ನೋಡಿದ ಮೇಲಿನವರು ಹೆಸರು ಸೂಚಿಸಬೇಕು. ದೈಹಿಕ ಪರೀಕ್ಷೆಯ ಅಂಕ, ಗುರಿ ಹೊಡೆಯುವ ಸಾಮರ್ಥ್ಯ, ಸೇವಾ ದಾಖಲೆ ಎಲ್ಲವನ್ನೂ ಮೊದಲು ಜರಡಿ ಹಿಡಿಯುತ್ತಾರೆ. ಬಳಿಕ ಘಟಕದ ಮಟ್ಟದಲ್ಲಿ ಒಂದು ಮಂಡಳಿ, ಅದನ್ನು ದಾಟಿದರೆ ಶಿಬಿರದ ಮಟ್ಟದಲ್ಲಿ ಇನ್ನೊಂದು. ಎರಡರಲ್ಲೂ ಕೂರುವವರು ಸಿಪಾಯಿ ಸಾಲಿನಿಂದ ಬಂದ ಹಿರಿಯರು. ಸಾರ್ಜೆಂಟನನ್ನು ಅಳೆಯಬೇಕಾದವರು ಸಾರ್ಜೆಂಟ್ ಕೆಲಸ ಮಾಡಿದವರೇ ಎಂಬುದು ಇಲ್ಲಿನ ತಿಳಿವಳಿಕೆ. ಎಷ್ಟೋ ಸಾರ್ಜೆಂಟ್‌ಗಳು ಲೀಡರ್ ಬುಕ್ ಎಂಬ ಪುಸ್ತಕ ಇಟ್ಟುಕೊಳ್ಳುತ್ತಾರೆ. ತನ್ನ ಕೈಕೆಳಗಿನ ಒಬ್ಬೊಬ್ಬ ಸೈನಿಕನ ಊರು, ಹೆಂಡತಿ ಮಕ್ಕಳ ಹೆಸರು, ತರಬೇತಿಯ ಫಲಿತಾಂಶ, ಯಾವಾಗ ಕೂರಿಸಿಕೊಂಡು ಏನು ಬುದ್ಧಿ ಹೇಳಿದೆ ಎಂಬ ವಿವರ ಅದರಲ್ಲಿರುತ್ತದೆ. ಮಂಡಳಿಯ ಎದುರು ಕುಳಿತವನಿಗೆ ಮರ್ಫಿಯ ಜೀವನಚರಿತ್ರೆ ಬಾಯಿಪಾಠ ಬರಬೇಕು ಎಂಬುದು ನಿಜ. ಆದರೆ ಒಳ್ಳೆಯ ಮಂಡಳಿ ಅವನನ್ನು ತೂಗುವುದು ಸನ್ನಿವೇಶಗಳಲ್ಲಿ: ಸಾಲದಲ್ಲಿ ಮುಳುಗಿದ ಸಿಪಾಯಿ, ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದ ಸಿಪಾಯಿಯ ಹೆಂಡತಿ, ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ನಿನ್ನ ಅತ್ಯುತ್ತಮ ಗುರಿಕಾರ. ನಿಯಮ ಏನೆನ್ನುತ್ತದೆ, ಯಾವ ಕಚೇರಿಗೆ ಕಳಿಸಬೇಕು, ಅದಕ್ಕೂ ಮುಂಚೆ ನೀನೇ ಏನು ಮಾಡಬೇಕು?

ಆಯ್ಕೆಯಾದವರ ಕೊರಳಿಗೆ ತಿಳಿನೀಲಿ ಪಟ್ಟಿಯ ಬೆಳ್ಳಿಬಣ್ಣದ ಪದಕ ಬೀಳುತ್ತದೆ. ಈ ವ್ಯವಸ್ಥೆಯ ತಿರುಳು ಇರುವುದು ಅದರ ಮರುದಿನದಿಂದ. ಸದಸ್ಯನಾದವನು ಮುಂದಿನ ಬಾರಿಯ ಅಭ್ಯರ್ಥಿಗಳನ್ನು ಕೂರಿಸಿಕೊಂಡು ತಯಾರು ಮಾಡುತ್ತಾನೆ, ಅವರಿಗಾಗಿ ಅಣಕು ಮಂಡಳಿ ನಡೆಸುತ್ತಾನೆ, ಬೇರೆ ಘಟಕದ ಕಿರಿಯನೊಬ್ಬ ದಾರಿ ತಪ್ಪುತ್ತಿದ್ದರೆ ಮಾತಾಡಿಸುತ್ತಾನೆ. ಶಿಬಿರದ ಆಸುಪಾಸಿನ ಶಾಲೆ, ವೃದ್ಧ ಯೋಧರ ಆಸ್ಪತ್ರೆ, ಬಡವರಿಗೆ ಊಟ ಹಾಕುವ ಮನೆಗಳಲ್ಲಿ ದುಡಿಯುತ್ತಾನೆ. ಸೈನಿಕರ ಕುಟುಂಬಗಳಿಗಾಗಿ ದುಡಿದ ಮಡದಿಯರು ಮತ್ತಿತರರನ್ನು ಗುರುತಿಸಲು ಜೊತೆಯಲ್ಲೇ ಇನ್ನೊಂದು ಗೌರವವೂ ಇದೆ. ಅದಕ್ಕೆ ಇಟ್ಟಿರುವುದು ಅಂತರ್ಯುದ್ಧ ಕಾಲದ ಶಸ್ತ್ರವೈದ್ಯೆ, ಮೆಡಲ್ ಆಫ್ ಆನರ್ ಪಡೆದ ಏಕೈಕ ಮಹಿಳೆ ಡಾ. ಮೇರಿ ವಾಕರ್ ಹೆಸರನ್ನು. ಆಕೆಯ ಪದಕವನ್ನು 1917ರಲ್ಲಿ ಪಟ್ಟಿಯಿಂದ ತೆಗೆದುಹಾಕಿ, 1977ರಲ್ಲಿ ಮರಳಿ ಸೇರಿಸಿದರು.

ಉಳಿದ ಪಡೆಗಳಲ್ಲೂ ಇದರ ದಾಯಾದಿಗಳಿವೆ. ವಾಯುಪಡೆಯಲ್ಲಿ ಮೇಲಿನ ಮೂರು ದರ್ಜೆಯ ಸಾರ್ಜೆಂಟ್‌ಗಳು ಸೇರಿ ನೆಲೆ ನೆಲೆಗೂ ಟಾಪ್ ಥ್ರೀ ಎಂಬ ಸಂಘ ಕಟ್ಟಿಕೊಂಡು ಕಿರಿಯರಿಗೆ ಪಾಠ ಹೇಳುತ್ತಾರೆ, ಬಡ್ತಿ ಪಡೆದವರನ್ನು ಕರೆದು ಗೌರವಿಸುತ್ತಾರೆ. ನೌಕಾಪಡೆಯದ್ದು ಇನ್ನೂ ಹಳೆಯದು. ಚೀಫ್ ಪೆಟಿ ಆಫೀಸರ್ ಎಂಬ ದರ್ಜೆ ಹುಟ್ಟಿದ್ದು 1893ರ ಏಪ್ರಿಲ್ 1ರಂದು. ಚೀಫ್ ಆದವನ ಊಟದ ಮನೆಯೂ ಬೇರೆ, ಬಟ್ಟೆಯೂ ಬೇರೆ. ಅಲ್ಲಿ ಚಾರ್ಜ್ ಬುಕ್ ಎಂಬ ರೂಢಿ ಇದೆ. ಚೀಫ್ ಆಗಲಿರುವವನು ಒಂದು ದಪ್ಪ ಪುಸ್ತಕ ಹಿಡಿದು ಹಳೆಯ ಚೀಫ್‌ಗಳ ಬಳಿಗೆ ಹೋಗುತ್ತಾನೆ, ಒಬ್ಬೊಬ್ಬರೂ ತಾವು ಕಲಿತದ್ದನ್ನು ಅದರಲ್ಲಿ ಕೈಯಾರೆ ಬರೆದುಕೊಡುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳಲ್ಲೇ ತರಾತುರಿಯಲ್ಲಿ ಬಡ್ತಿ ಕೊಡಬೇಕಾಗಿ ಬಂದಾಗ ಇದು ಬೆಳೆಯಿತೆನ್ನುತ್ತಾರೆ. ಹೊಸ ಚೀಫ್‌ಗಳನ್ನು ಬರಮಾಡಿಕೊಳ್ಳುವ ಹೆಸರಿನಲ್ಲಿ ಅವಮಾನಿಸುವ, ಹಿಂಸಿಸುವ ಕೆಟ್ಟ ಚಾಳಿಯೂ ಅದೇ ಪಡೆಯಲ್ಲಿ ದೀರ್ಘಕಾಲ ಇತ್ತು. ಅದನ್ನು ಕಿತ್ತುಹಾಕಲು ಮತ್ತೆ ಮತ್ತೆ ನಿಯಮ ಬದಲಿಸಬೇಕಾಯಿತು. ಒಳಗಿನವರು ಹೊರಗಿನವರು ಎಂಬ ಗೆರೆ ಎಳೆಯುವ ಯಾವ ಬಳಗಕ್ಕೂ ಈ ಅಪಾಯ ತಪ್ಪಿದ್ದಲ್ಲ.

ಆಡಿ ಮರ್ಫಿ ಕ್ಲಬ್ಬಿಗೂ ಅದರದೇ ರೋಗಗಳಿವೆ. ಪ್ರಶ್ನೋತ್ತರದ ಗೈಡುಗಳನ್ನು ಉರು ಹೊಡೆದು ಬರುವವರಿದ್ದಾರೆ. ಬಡ್ತಿಯ ಕಡತದಲ್ಲಿ ಒಂದು ಸಾಲು ಹೆಚ್ಚಾಗಲಿ ಎಂದಷ್ಟೇ ಬಂದು, ಪದಕ ಸಿಕ್ಕ ಮೇಲೆ ಸಭೆಯ ಕಡೆ ತಲೆ ಹಾಕದವರಿದ್ದಾರೆ. ಇವೆಲ್ಲ ತಿದ್ದಬಹುದಾದ ದೋಷಗಳು. ನನ್ನನ್ನು ಕಾಡುವುದು ಬೇರೊಂದು. ಕ್ಲಬ್ ಹುಟ್ಟಿದ ಅದೇ ಫೋರ್ಟ್ ಹುಡ್‌ನಲ್ಲಿ 2020ರಲ್ಲಿ ವನೆಸ್ಸಾ ಗಿಯೆನ್ ಎಂಬ ಇಪ್ಪತ್ತರ ಹರೆಯದ ಸೈನಿಕಳ ಕೊಲೆಯಾಯಿತು. ಕೊಂದವನು ಅಲ್ಲಿಯೇ ಇದ್ದ ಇನ್ನೊಬ್ಬ ಸೈನಿಕ. ಎರಡು ತಿಂಗಳಿಗೂ ಹೆಚ್ಚು ಕಾಲ ಆಕೆಯ ದೇಹ ಸಿಗಲಿಲ್ಲ. ಆಕೆಗೆ ಅದಕ್ಕೆ ಮೊದಲು ಲೈಂಗಿಕ ಕಿರುಕುಳವಾಗಿತ್ತು ಎಂದು ಮನೆಯವರು ಹೇಳಿದರು, ಮುಂದೆ ಸೇನೆಯ ತನಿಖೆಯೂ ಒಪ್ಪಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸ್ವತಂತ್ರ ಸಮಿತಿಯೊಂದು ವರದಿ ಕೊಟ್ಟಾಗ, ಲೈಂಗಿಕ ಕಿರುಕುಳಕ್ಕೆ ಎಡೆಮಾಡಿಕೊಡುವ ವಾತಾವರಣ ಆ ಶಿಬಿರದಲ್ಲಿತ್ತು, ದೂರು ಕೊಡಲು ಹೆಣ್ಣುಮಕ್ಕಳು ಹೆದರುತ್ತಿದ್ದರು ಎಂಬುದು ಬಯಲಾಯಿತು. ಅಧಿಕಾರಿಗಳೂ ಸಾರ್ಜೆಂಟ್ ಸಾಲಿನ ಹಿರಿಯರೂ ಸೇರಿ ಹದಿನಾಲ್ವರನ್ನು ಹುದ್ದೆಯಿಂದ ತೆಗೆದರು ಇಲ್ಲವೇ ಅಮಾನತು ಮಾಡಿದರು.

ಮೂವತ್ತನಾಲ್ಕು ವರ್ಷ ಒಂದು ಶಿಬಿರದಲ್ಲಿ ಅತ್ಯುತ್ತಮ ಸಾರ್ಜೆಂಟ್‌ಗಳನ್ನು ಆರಿಸುತ್ತ ಬಂದ ಮೇಲೂ, ಆಯುಧದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಯ ಮಾತಿಗೆ ಕಿವಿಗೊಡುವವರು ಸಿಗಲಿಲ್ಲ. ಅಂದಮೇಲೆ ಕ್ಲಬ್ಬೇ ವ್ಯರ್ಥ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಒಳ್ಳೆಯ ಕೆಲವರನ್ನು ಆರಿಸುವುದು ಅರ್ಧ ಕೆಲಸ. ಅವರನ್ನು ಕೆಟ್ಟ ಘಟಕಗಳ ನಡುವೆ ಬಿಟ್ಟು, ಕಲಿಸಲು ಸಮಯ ಕೊಟ್ಟು, ಅವರು ತಂದ ದೂರನ್ನು ಮೇಲಿನವರು ಕೇಳಿಸಿಕೊಂಡರೆ ಮಾತ್ರ ಆರಿಸಿದ್ದಕ್ಕೆ ಬೆಲೆ. ಕ್ಲಬ್ ಎಂಬುದು ಒಳ್ಳೆಯವರು ಒಳ್ಳೆಯವರ ಜೊತೆಗೇ ಕೂತು ಪದಕ ಹಂಚಿಕೊಳ್ಳುವ ತಾಣವಾದರೆ ಪಕ್ಕದ ಬ್ಯಾರಕ್‌ನ ಕತ್ತಲೆ ಹಾಗೇ ಉಳಿಯುತ್ತದೆ.

ಇನ್ನು ನಮ್ಮ ಸೇನೆಯ ಮಾತು. ನಮ್ಮಲ್ಲಿ ನಡುವಿನ ಸಾಲು ಅಮೆರಿಕಕ್ಕಿಂತ ಬೇರೆ ರೀತಿಯಲ್ಲಿ ಬೆಳೆದಿದೆ. ನಾಯಕ್, ಹವಾಲ್ದಾರ್ ಎಂಬ ಎನ್‌ಸಿಓ (ನಾನ್ ಕಮಿಷನ್ಡ್ ಆಫೀಸರ್) ದರ್ಜೆಗಳಾದ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಗಳು. ಬ್ರಿಟಿಷರ ಕಾಲದಲ್ಲಿ ಭಾಷೆ ಬಾರದ ಗೋರಾ ಅಧಿಕಾರಿಗೂ ಹಳ್ಳಿಯಿಂದ ಬಂದ ಸಿಪಾಯಿಗೂ ನಡುವೆ ನಿಲ್ಲಲು ಹುಟ್ಟಿಕೊಂಡ ದರ್ಜೆ ಸ್ವಾತಂತ್ರ್ಯದ ನಂತರವೂ ಉಳಿಯಿತು, ಮತ್ತು ಒಳ್ಳೆಯದಕ್ಕೇ ಉಳಿಯಿತು. ಪಲ್ಟನ್ನಿನಲ್ಲಿ ಸುಬೇದಾರ್ ಮೇಜರ್ ಸಾಬ್ ಎಂದರೆ ಮನೆಯ ಹಿರಿಯ. ಕರ್ನಲ್ ಸಾಹೇಬರೂ ಅವರ ಅಭಿಪ್ರಾಯ ಕೇಳುತ್ತಾರೆ. ತರಬೇತಿ ಕೇಂದ್ರದಲ್ಲಿ ಹೊಸ ಹುಡುಗರು ಹವಾಲ್ದಾರನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಪಳಗಿದವರನ್ನು ಕೇಳಿ ನೋಡಿ, ತಮ್ಮ ಮೊದಲ ಉಸ್ತಾದನ ಹೆಸರನ್ನು ಮೂವತ್ತು ವರ್ಷದ ಮೇಲೂ ತಡವರಿಸದೆ ಹೇಳುತ್ತಾರೆ.

ಮನ್ನಣೆಯೂ ನಮ್ಮಲ್ಲಿ ಇಲ್ಲದಿಲ್ಲ. 1987ರಲ್ಲಿ ಸಿಯಾಚಿನ್‌ನ ಶಿಖರ ಗೆದ್ದು ಪರಮವೀರ ಚಕ್ರ ಪಡೆದ ಬಾನಾ ಸಿಂಗ್ ಆಗ ನಾಯಬ್ ಸುಬೇದಾರ್. ಕಾರ್ಗಿಲ್‌ನಲ್ಲಿ ಗ್ರೆನೇಡಿಯರ್ ಆಗಿದ್ದಾಗ ಅದೇ ಪದಕ ಪಡೆದ ಯೋಗೇಂದ್ರ ಸಿಂಗ್ ಯಾದವ್ ಸುಬೇದಾರ್ ಮೇಜರ್‌ವರೆಗೆ ಏರಿ 2021ರಲ್ಲಿ ಗೌರವ ಕ್ಯಾಪ್ಟನ್ ಆದರು. ಪ್ರತಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಹಿರಿಯ ಜೆಸಿಓಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳು ಪ್ರಕಟವಾಗುತ್ತವೆ. ಊರಿಗೆ ಮರಳಿದ ಮೇಲೆ ಆ ಪದವಿ ಹೆಸರಿನ ಮುಂದೆ ನಿಲ್ಲುತ್ತದೆ, ಪಿಂಚಣಿಯಲ್ಲೂ ನೆರವಾಗುತ್ತದೆ. ಅದನ್ನು ಸಂಪಾದಿಸಿದವರ ಮುಖದ ಹೆಮ್ಮೆ ಕಂಡವರು ಅದನ್ನು ಹಗುರವಾಗಿ ನೋಡಲಾರರು.

ಆದರೆ ಹೊತ್ತನ್ನು ಗಮನಿಸಿ. ಗೌರವ ಪದವಿ ಬರುವುದು ಸೇವೆ ಮುಗಿಯುವ ಹಂತದಲ್ಲಿ, ಕಿಟ್ ಒಪ್ಪಿಸಿ ಮನೆಗೆ ಹೊರಡುವ ಹೊತ್ತಿಗೆ. ಶೌರ್ಯ ಪದಕ ಯಾವಾಗ ಬೇಕಾದರೂ ಬರಬಹುದು, ಆದರೆ ಅದು ಒಂದು ಗಳಿಗೆಯ ಸಾಹಸಕ್ಕೆ. ಸೇವೆಯ ನಡುವೆ ಪ್ರಶಂಸಾ ಪತ್ರವೂ ಬರುತ್ತದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅದರ ಕೆಲಸ ಮುಗಿಯಿತು. ಹತ್ತನೆಯ, ಹನ್ನೆರಡನೆಯ ವರ್ಷದಲ್ಲಿರುವ ಹವಾಲ್ದಾರನನ್ನು ಗುರುತಿಸಿ, ನಿನ್ನಲ್ಲಿ ಕಲಿಸುವ ಶಕ್ತಿ ಇದೆ, ಇನ್ನು ನಿನ್ನ ಘಟಕದವರಿಗಷ್ಟೇ ಅಲ್ಲ, ಇಡೀ ಶಿಬಿರದ ಕಿರಿಯರಿಗೆ ನೀನು ಉಸ್ತಾದ್ ಎಂದು ಸಮಾನರ ಬಳಗವೊಂದಕ್ಕೆ ಸೇರಿಸಿಕೊಳ್ಳುವ ಏರ್ಪಾಡು ಬೇಕು. ಅಂಥವನ ಮುಂದೆ ಇನ್ನೂ ಹತ್ತು ವರ್ಷದ ಸೇವೆ ಇರುತ್ತದೆ. ಕಲಿಸಲು ಅವನಿಗೆ ಸಮಯವಿದೆ.

ಇದು ಈಗ ತುರ್ತಿನ ವಿಷಯವಾಗಿರುವುದು ಅಗ್ನಿಪಥ ಎಂಬ ಭರ್ತಿ ಯೋಜನೆಯಿಂದ. 2022ರಿಂದ ಸಿಪಾಯಿಗಳು ನಾಲ್ಕು ವರ್ಷಕ್ಕೆ ಅಗ್ನಿವೀರರಾಗಿ ಬರುತ್ತಾರೆ, ಅವರಲ್ಲಿ ಹೆಚ್ಚೆಂದರೆ ಶೇ 25ರಷ್ಟು ಮಂದಿ ಮುಂದುವರಿಯುತ್ತಾರೆ. ಯೋಜನೆಯ ಒಳಿತು ಕೆಡುಕಿನ ಚರ್ಚೆ ಬೇರೆಡೆ ನಡೆಯಲಿ. ಬ್ಯಾರಕ್ಕಿನಲ್ಲಿ ಅದರ ಅರ್ಥ ಏನೆಂದರೆ, ಹಿಂದೆ ಹದಿನೈದು ವರ್ಷ ಜೊತೆಗಿದ್ದು ನಿಧಾನವಾಗಿ ತಿದ್ದುತ್ತಿದ್ದ ಹುಡುಗನನ್ನು ಹವಾಲ್ದಾರ ಈಗ ನಾಲ್ಕು ವರ್ಷದಲ್ಲಿ ತಯಾರು ಮಾಡಬೇಕು. ಯಾರು ಉಳಿಯಲು ಯೋಗ್ಯರು ಎಂಬ ತೀರ್ಪಿನಲ್ಲಿ ಅವನ ಕಣ್ಣಿಗೂ ಪಾಲಿದೆ. ಉಳಿಯದೆ ಹೋಗುವ ಮುಕ್ಕಾಲು ಪಾಲು ಹುಡುಗರ ಆತಂಕ, ಅವರವರ ನಡುವಿನ ಪೈಪೋಟಿ, ಊರಿನಿಂದ ಬರುವ ಫೋನು, ಎಲ್ಲವೂ ಮೊದಲು ಬಂದು ಬೀಳುವುದು ಅವನ ಮಡಿಲಿಗೆ. ನಾಲ್ಕನೆಯ ವರ್ಷದ ಕೊನೆಯ ತಿಂಗಳಲ್ಲಿ ಮಂಕಾಗಿ ಕುಳಿತ ಹುಡುಗನ ಮಂಚದ ಬಳಿ ಹೋಗಿ ಕೂರಬೇಕಾದವನೂ ಅವನೇ.

ಬೆಳಗಾವಿಯಲ್ಲಿ ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇದೆ. ಯುವ ಅಧಿಕಾರಿಗಳ ಜೊತೆಗೆ ಎನ್‌ಸಿಓ, ಜೆಸಿಓಗಳೂ ಅಲ್ಲಿಗೆ ಬಂದು ತುಕಡಿ ನಡೆಸುವುದನ್ನು ಕಲಿಯುತ್ತಾರೆ. ಇಂಥ ಪ್ರಯೋಗ ಆರಂಭಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ದೊಡ್ಡ ಸಮಾರಂಭ, ಹೊಸ ಕಟ್ಟಡ ಯಾವುದೂ ಬೇಕಾಗಿಲ್ಲ. ಮೂವರು ಸುಬೇದಾರ್ ಮೇಜರ್‌ಗಳು, ಒಂದು ಮೇಜು, ಹೆಸರು ಸೂಚಿಸಲ್ಪಟ್ಟ ಒಬ್ಬ ಹವಾಲ್ದಾರ್. ಮೊದಲ ಪ್ರಶ್ನೆ ಹೀಗಿರಲಿ: ನಿನ್ನ ಸೆಕ್ಷನ್ನಿನ ಹತ್ತು ಹುಡುಗರಲ್ಲಿ ಯಾರ ಮನೆಯಲ್ಲಿ ಈಗ ತೊಂದರೆ ಇದೆ, ಅದು ನಿನಗೆ ಹೇಗೆ ಗೊತ್ತಾಯಿತು?